ಅರವತ್ತರ ನಂತರ ಕಾಲಿನ ಬಲ: ಮನೆಯಲ್ಲೇ ಆರಂಭಿಸುವ ಕ್ರಮ

ಬೆಳಿಗ್ಗೆ ಆರು ಗಂಟೆಗೆ ಬೆಂಗಳೂರಿನ ಲಾಲ್‌ಬಾಗ್, ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿ, ಹುಬ್ಬಳ್ಳಿಯ ಉಣಕಲ್ ಕೆರೆಯ ದಂಡೆ, ಇಲ್ಲವೇ ಯಾವುದೇ ತಾಲ್ಲೂಕಿನ ಹೈಸ್ಕೂಲು ಮೈದಾನವನ್ನು ನೋಡಿ. ನಡೆಯುವವರಲ್ಲಿ ಅರವತ್ತು ದಾಟಿದವರು ಬಹಳ ಮಂದಿ ಇರುತ್ತಾರೆ. ವರ್ಷಗಟ್ಟಲೆ ವಾಕಿಂಗ್ ತಪ್ಪಿಸದ ಇವರಲ್ಲಿ ಎಷ್ಟೋ ಜನ ಮದುವೆಮನೆಯಲ್ಲಿ ನೆಲದ ಪಂಕ್ತಿಯನ್ನು ಬಿಟ್ಟು ಟೇಬಲ್ಲು ಹುಡುಕುತ್ತಾರೆ, ಸೋಫಾದಿಂದ ಏಳುವಾಗ ಎರಡೂ ಕೈ ಊರುತ್ತಾರೆ, ಬಸ್ಸಿನ ಮೊದಲ ಮೆಟ್ಟಿಲು ಹತ್ತಲು ಕಂಬಿಯನ್ನು ಜಗ್ಗಿ ಹಿಡಿಯುತ್ತಾರೆ. ನಡಿಗೆಯಲ್ಲಿ ದೋಷವೇನಿಲ್ಲ, ಹೃದಯಕ್ಕೆ, ಸಕ್ಕರೆಯ ಹತೋಟಿಗೆ, ನಿದ್ದೆಗೆ ಅದು ಒಳ್ಳೆಯದು. ಆದರೆ ಸಮತಟ್ಟಾದ ದಾರಿಯಲ್ಲಿ ನಡೆಯುವಾಗ ತೊಡೆ ಮತ್ತು ಪೃಷ್ಠದ ದೊಡ್ಡ ಸ್ನಾಯುಗಳ ಮೇಲೆ ಬೀಳುವ ಹೊರೆ ಬಹಳ ಕಡಿಮೆ. ಹೊರೆ ಕಾಣದ ಸ್ನಾಯು ದಿನಕ್ಕೆ ಎಷ್ಟು ಸಾವಿರ ಹೆಜ್ಜೆ ಹಾಕಿದರೂ ಸೊರಗುತ್ತಲೇ ಹೋಗುತ್ತದೆ.

ಮೂವತ್ತರ ಆಸುಪಾಸಿನಿಂದಲೇ ಪ್ರತಿ ಹತ್ತು ವರ್ಷಕ್ಕೆ ಸುಮಾರು ಶೇಕಡಾ 3ರಿಂದ 8ರಷ್ಟು ಸ್ನಾಯು ಕರಗುತ್ತದೆ, ಅರವತ್ತರ ನಂತರ ಆ ವೇಗ ಹೆಚ್ಚುತ್ತದೆ, ಸ್ನಾಯುವಿನ ಗಾತ್ರಕ್ಕಿಂತಲೂ ಅದರ ಬಲ ಬೇಗ ಇಳಿಯುತ್ತದೆ. ವೈದ್ಯರು ಸಾರ್ಕೋಪೀನಿಯಾ ಎನ್ನುವ ಈ ಇಳಿಕೆಯನ್ನು ವಯಸ್ಸಾದ ಮೇಲೆ ತಡೆಯಲಾಗದೆಂಬ ನಂಬಿಕೆ ಬಹುಕಾಲ ಇತ್ತು. 1990ರಲ್ಲಿ ಪ್ರಕಟವಾದ ಬಾಸ್ಟನ್ನಿನ ಒಂದು ಅಧ್ಯಯನ ಅದನ್ನು ಅಲುಗಾಡಿಸಿತು. ಆರೈಕೆ ಕೇಂದ್ರವೊಂದರಲ್ಲಿದ್ದ, ಸರಾಸರಿ 90 ವರ್ಷ ವಯಸ್ಸಿನ ಹತ್ತು ಮಂದಿಗೆ ಎಂಟು ವಾರ ಕಾಲಿನ ಭಾರದ ವ್ಯಾಯಾಮ ಮಾಡಿಸಲಾಯಿತು. ಪೂರ್ಣಗೊಳಿಸಿದ ಒಂಬತ್ತು ಮಂದಿಯ ತೊಡೆಯ ಬಲ ಸರಾಸರಿ ಶೇಕಡಾ 174ರಷ್ಟು ಹೆಚ್ಚಿತು. ಅದು ಸಣ್ಣ ಅಧ್ಯಯನವೇ. ಆದರೆ ಅದರ ನಂತರ ನಡೆದ ದೊಡ್ಡ ಅಧ್ಯಯನಗಳೂ ಮುಪ್ಪಿನಲ್ಲಿ ಬಲ ಬೆಳೆಯುತ್ತದೆ ಎಂಬುದನ್ನೇ ತೋರಿಸಿವೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯು 65 ದಾಟಿದವರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ಚಟುವಟಿಕೆಯನ್ನು ಹೇಳಿ ಅಲ್ಲಿಗೇ ನಿಲ್ಲುವುದಿಲ್ಲ. ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯುಬಲದ ವ್ಯಾಯಾಮ, ಕನಿಷ್ಠ ಮೂರು ದಿನ ಸಮತೋಲನಕ್ಕೆ ಒತ್ತು ಕೊಡುವ ಚಟುವಟಿಕೆ ಬೇಕೆನ್ನುತ್ತದೆ. ನಮ್ಮಲ್ಲಿ ಮೊದಲನೆಯದನ್ನು ಪಾಲಿಸುವವರು ಹೆಚ್ಚು, ಉಳಿದೆರಡನ್ನು ಪಾಲಿಸುವವರು ವಿರಳ. ಈ ಬರಹದ ಹೆಚ್ಚಿನ ಭಾಗ ಆ ಉಳಿದೆರಡರ ಬಗ್ಗೆಯೇ ಇದೆ.

ಆರಂಭಕ್ಕೆ ಮುನ್ನ

ಮನೆಯಲ್ಲಿ ಮಾಡುವ ಹಗುರ ವ್ಯಾಯಾಮಕ್ಕೆ ಎಲ್ಲರೂ ತಪಾಸಣೆ ಮಾಡಿಸಿಕೊಂಡೇ ಬರಬೇಕೆಂದಿಲ್ಲ. ಆದರೆ ಕೆಲವರು ಮೊದಲು ವೈದ್ಯರ ಒಪ್ಪಿಗೆ ಪಡೆಯಲೇಬೇಕು: ನಡೆಯುವಾಗ ಎದೆ ಬಿಗಿಯುವವರು ಅಥವಾ ಅಸಹಜವಾಗಿ ಏದುಸಿರು ಬರುವವರು, ಇತ್ತೀಚೆಗೆ ಹೃದಯಾಘಾತ, ಸ್ಟೆಂಟ್ ಅಥವಾ ಯಾವುದೇ ಶಸ್ತ್ರಚಿಕಿತ್ಸೆ ಆದವರು, ರಕ್ತದೊತ್ತಡ ಹತೋಟಿಗೆ ಬಾರದವರು, ತಲೆಸುತ್ತಿ ಬಿದ್ದವರು, ಬೆನ್ನುಮೂಳೆ ಮುರಿತವೋ ತೀವ್ರ ಮೂಳೆಸವೆತವೋ ಇರುವವರು, ಹರ್ನಿಯಾ ಇರುವವರು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವ ಮಧುಮೇಹಿಗಳು ಬರಿಹೊಟ್ಟೆಯಲ್ಲಿ ವ್ಯಾಯಾಮ ಮಾಡಬಾರದು. ಬೆವರು, ನಡುಕ, ಕಣ್ಣು ಮಂಜಾಗುವುದು ಕಂಡರೆ ತಕ್ಷಣ ತಿನ್ನಲು ಸಕ್ಕರೆಯೋ ಬೆಲ್ಲವೋ ಕೈಗೆಟಕುವಂತಿರಲಿ. ವ್ಯಾಯಾಮದ ವೇಳೆ ಉಸಿರು ಬಿಗಿಹಿಡಿಯುವ ಅಭ್ಯಾಸ ಬಹಳ ಮಂದಿಗಿದೆ, ಅದರಿಂದ ರಕ್ತದೊತ್ತಡ ಹಠಾತ್ತನೆ ಏರುತ್ತದೆ. ಏಳುವಾಗ ಗಟ್ಟಿಯಾಗಿ ‘ಒಂದು, ಎರಡು’ ಎಂದು ಎಣಿಸಿದರೆ ಉಸಿರು ತಾನಾಗಿಯೇ ಹೊರಬರುತ್ತದೆ.

ಮೊದಲು ಅಳತೆ

ಇಂದಿನ ನಿಮ್ಮ ಬಲ ಎಷ್ಟೆಂದು ತಿಳಿಯದೆ ಮುಂದುವರಿಯಬೇಡಿ. ಅಳತೆಗೆ ಬೇಕಾದದ್ದು ಕೈಗಳಿಲ್ಲದ, ಸುಮಾರು 43 ಸೆಂಟಿಮೀಟರ್ ಎತ್ತರದ ಗಟ್ಟಿ ಕುರ್ಚಿ ಮತ್ತು ಗಡಿಯಾರ ನೋಡಲು ಮತ್ತೊಬ್ಬರು. ನುಣುಪು ಟೈಲ್ಸ್ ಮೇಲೆ ಪ್ಲಾಸ್ಟಿಕ್ ಕುರ್ಚಿ ಜಾರುವುದರಿಂದ ಅದರ ಬೆನ್ನು ಗೋಡೆಗೆ ತಾಗಿರಲಿ. ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡಲಾಗಿ ಇಟ್ಟುಕೊಂಡು, ಪೂರ್ತಿ ಎದ್ದು ನಿಂತು ಮತ್ತೆ ಕೂರುವುದನ್ನು 30 ಸೆಕೆಂಡುಗಳಲ್ಲಿ ಎಷ್ಟು ಬಾರಿ ಮಾಡಬಲ್ಲಿರಿ ಎಂದು ಎಣಿಸಿ. ಅಮೆರಿಕದ ರೋಗ ನಿಯಂತ್ರಣ ಕೇಂದ್ರವು ಬೀಳುವ ಅಪಾಯವನ್ನು ಅಂದಾಜಿಸಲು ಬಳಸುವ ಪಟ್ಟಿಯ ಪ್ರಕಾರ 60ರಿಂದ 64ರ ಗಂಡಸರು 14ಕ್ಕಿಂತ, ಹೆಂಗಸರು 12ಕ್ಕಿಂತ ಕಡಿಮೆ ಬಾರಿ ಎದ್ದರೆ ಅದು ಸರಾಸರಿಗಿಂತ ಕೆಳಗೆ. 70ರಿಂದ 74ಕ್ಕೆ ಈ ಗಡಿ 12 ಮತ್ತು 10. 80ರಿಂದ 84ಕ್ಕೆ 10 ಮತ್ತು 9. ಕೈ ಊರದೆ ಒಮ್ಮೆಯೂ ಏಳಲಾಗದಿದ್ದರೆ ಸೊನ್ನೆ ಎಂದೇ ಬರೆದುಕೊಳ್ಳಿ. ಸೊನ್ನೆಯಿಂದ ಆರಂಭಿಸಿದವರಿಗೇ ಈ ಕ್ರಮದಿಂದ ಹೆಚ್ಚು ಲಾಭ.

ಎರಡನೆಯ ಅಳತೆ ನಿಲುವಿನದು. ಅಡುಗೆಮನೆಯ ಕಟ್ಟೆಯ ಪಕ್ಕ ನಿಂತು, ಹಿಡಿಯದೆ, ಆದರೆ ಬೇಕೆಂದಾಗ ಹಿಡಿಯಬಹುದಾದಷ್ಟು ಹತ್ತಿರದಲ್ಲಿ, ನಾಲ್ಕು ಭಂಗಿಗಳಲ್ಲಿ ತಲಾ 10 ಸೆಕೆಂಡು ನಿಲ್ಲಿ: ಪಾದಗಳು ಜೋಡಿಯಾಗಿ, ಒಂದು ಪಾದ ಅರ್ಧದಷ್ಟು ಮುಂದೆ, ಒಂದರ ಹಿಮ್ಮಡಿ ಇನ್ನೊಂದರ ಹೆಬ್ಬೆರಳಿಗೆ ತಾಗುವಂತೆ ಒಂದೇ ಗೆರೆಯಲ್ಲಿ, ಕಡೆಗೆ ಒಂಟಿ ಕಾಲಿನಲ್ಲಿ. ಮೂರನೆಯ ಭಂಗಿಯಲ್ಲಿ 10 ಸೆಕೆಂಡು ನಿಲ್ಲಲಾಗದವರಿಗೆ ಬೀಳುವ ಅಪಾಯ ಹೆಚ್ಚು. ಈ ಎರಡು ಅಳತೆಗಳನ್ನು ದಿನಾಂಕದೊಂದಿಗೆ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ತೂಕದ ಯಂತ್ರ ತೋರಿಸುವ ಸಂಖ್ಯೆಗಿಂತ ಈ ವಯಸ್ಸಿನಲ್ಲಿ ಇವು ಹೆಚ್ಚು ಹೇಳುತ್ತವೆ. ಸ್ನಾಯು ಕರಗಿ ಕೊಬ್ಬು ಸೇರಿದರೂ ತೂಕ ಹಾಗೆಯೇ ಇರಬಹುದು, ತೂಕ ಇಳಿಯಿತೆಂದು ಸಂತೋಷಪಡುವಾಗ ಇಳಿದದ್ದು ಸ್ನಾಯುವೇ ಆಗಿರಬಹುದು.

ಕುರ್ಚಿಯಿಂದ ಏಳುವುದು

ಒಂದೇ ವ್ಯಾಯಾಮ ಮಾಡುವಷ್ಟು ಮಾತ್ರ ಸಮಯ, ಮನಸ್ಸು ಇರುವವರು ಇದನ್ನು ಮಾಡಿದರೆ ಸಾಕು ಎಂಬುದು ನನ್ನ ಅಭಿಪ್ರಾಯ. ಗಣಪತಿಯ ಮುಂದೆ ಹೊಡೆಯುವ ಬಸ್ಕಿಯ, ಗರಡಿಮನೆಯ ಬೈಠಕ್ಕಿನ ಸೌಮ್ಯ ರೂಪವೇ ಇದು. ಪೂರ್ತಿ ಕುಕ್ಕರಗಾಲಿಗೆ ಹೋಗದೆ ಕುರ್ಚಿಯ ಎತ್ತರಕ್ಕೇ ನಿಲ್ಲುವುದರಿಂದ ಸವೆದ ಮಂಡಿಗೂ ಸಾಮಾನ್ಯವಾಗಿ ಒಗ್ಗುತ್ತದೆ.

ಕುರ್ಚಿಯ ಅಂಚಿಗೆ ಸರಿದು ಕುಳಿತುಕೊಳ್ಳಿ. ಪಾದಗಳು ಸೊಂಟದಷ್ಟು ಅಗಲಕ್ಕಿದ್ದು, ಹಿಮ್ಮಡಿಗಳು ಮಂಡಿಗಿಂತ ತುಸು ಹಿಂದಿರಲಿ. ಏಳಲಾಗದೆ ಒದ್ದಾಡುವವರನ್ನು ಗಮನಿಸಿದರೆ ತಿಳಿಯುತ್ತದೆ: ಅವರ ಪಾದಗಳು ಬಹಳ ಮುಂದೆ ಇರುತ್ತವೆ, ಬೆನ್ನು ನೆಟ್ಟಗಿರುತ್ತದೆ, ಹಾಗಾಗಿ ದೇಹದ ಭಾರ ಕಾಲಿನ ಮೇಲೆ ಬರುವುದೇ ಇಲ್ಲ. ಬೆನ್ನು ಗೂನಾಗದಂತೆ ಸೊಂಟದಿಂದ ಮುಂದಕ್ಕೆ ಬಾಗಿ, ಮೂಗು ಕಾಲ್ಬೆರಳುಗಳ ಮೇಲೆ ಬಂದಾಗ ಹಿಮ್ಮಡಿಗಳನ್ನು ನೆಲಕ್ಕೆ ಒತ್ತಿ ಏಳಿ. ಮಂಡಿಗಳು ಒಳಕ್ಕೆ ವಾಲಿ ಒಂದನ್ನೊಂದು ಮುಟ್ಟಬಾರದು, ಪಾದದ ನೇರಕ್ಕೇ ಇರಬೇಕು. ಪೂರ್ತಿ ನಿಂತ ಮೇಲೆ ಒಂದು ಕ್ಷಣ ತಡೆದು, ಕೂರುವಾಗ ಮೂರು ಅಥವಾ ನಾಲ್ಕು ಎಣಿಸುವಷ್ಟು ನಿಧಾನವಾಗಿ ಇಳಿಯಿರಿ. ದೊಪ್ಪನೆ ಕುಳಿತುಬಿಟ್ಟರೆ ಅರ್ಧ ಲಾಭ ಹೋದಂತೆ. ಇಳಿಯುವಾಗ ದೇಹವನ್ನು ತಡೆಹಿಡಿಯುವ ಶಕ್ತಿಯೇ ಮೆಟ್ಟಿಲು ಇಳಿಯುವಾಗ, ಎಡವಿದಾಗ ಕಾಪಾಡುವುದು.

ಕೈ ಊರದೆ ಏಳಲಾಗದವರು ಕುರ್ಚಿಯ ಮೇಲೆ ಮಡಿಸಿದ ಜಮಖಾನೆ ಹಾಕಿ ಎತ್ತರ ಹೆಚ್ಚಿಸಿಕೊಂಡು, ವಾರಗಳು ಕಳೆದಂತೆ ಒಂದೊಂದು ಮಡಿಕೆ ತೆಗೆಯುತ್ತ ಬರಲಿ. ಎಂಟು ಬಾರಿ ಆರಾಮವಾಗಿ ಆಗುವವರು ಎಂಟರ ಎರಡು ಸುತ್ತು ಮಾಡಿ, ನಡುವೆ ಒಂದೆರಡು ನಿಮಿಷ ವಿಶ್ರಮಿಸಲಿ; ನಂತರ ಹನ್ನೆರಡರ ಎರಡು ಸುತ್ತು, ಆಮೇಲೆ ಮೂರು ಸುತ್ತು. ಅದೂ ಹಗುರವಾದಾಗ ಎಣಿಕೆಯನ್ನು ಇಪ್ಪತ್ತು, ಮೂವತ್ತಕ್ಕೆ ಏರಿಸುವ ಬದಲು ಎರಡು ಕಿಲೋ ಅಕ್ಕಿಯ ಪೊಟ್ಟಣವನ್ನು ಎದೆಗವಚಿಕೊಂಡು ಮತ್ತೆ ಎಂಟರಿಂದ ಆರಂಭಿಸಿ. ಬಹಳ ಮಂದಿ ಎಡವುವುದು ಇಲ್ಲೇ: ಒಂದೇ ಹೊರೆ, ಒಂದೇ ಎಣಿಕೆಯನ್ನು ವರ್ಷಾನುಗಟ್ಟಲೆ ಮಾಡುತ್ತಾರೆ, ದೇಹ ಅದಕ್ಕೆ ಒಗ್ಗಿಹೋಗಿ ಮುಂದೆ ಬೆಳೆಯುವುದಿಲ್ಲ. ಸುತ್ತಿನ ಕೊನೆಯ ಎರಡು ಬಾರಿ ಕಷ್ಟವೆನಿಸಬೇಕು, ಆದರೆ ರೀತಿ ಕೆಡಬಾರದು. ಇದಿಷ್ಟೇ ಹೊರೆಯ ಅಳತೆಗೋಲು.

ಮಂಡಿನೋವಿನವರ ಪ್ರಶ್ನೆ ಬೇರೆ. ಸವೆತದ ಮಂಡಿನೋವಿಗೆ ತೊಡೆಯ ಸ್ನಾಯುವನ್ನು ಬಲಪಡಿಸುವ ವ್ಯಾಯಾಮ ಚಿಕಿತ್ಸೆಯ ಮುಖ್ಯ ಭಾಗವೇ ಆಗಿದೆ. ‘ಮಂಡಿ ನೋವು, ಆದ್ದರಿಂದ ಕಾಲು ಆಡಿಸುವುದಿಲ್ಲ’ ಎಂಬ ನಿರ್ಧಾರ ಸ್ನಾಯುವನ್ನು ಕರಗಿಸಿ ಮಂಡಿಯ ಹೊರೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ. ಮಾಡುವಾಗ ಸಹಿಸಬಹುದಾದಷ್ಟು ನೋವಿದ್ದು, ಮರುದಿನ ಬೆಳಿಗ್ಗೆಯ ಹೊತ್ತಿಗೆ ಮೊದಲಿನ ಮಟ್ಟಕ್ಕೆ ಇಳಿದಿದ್ದರೆ ಮುಂದುವರಿಸಬಹುದು. ಮರುದಿನ ನೋವು ಹೆಚ್ಚಿದ್ದರೆ ಕುರ್ಚಿಯ ಎತ್ತರ ಹೆಚ್ಚಿಸಿ, ಎಣಿಕೆ ಇಳಿಸಿ. ಮಂಡಿ ಊದಿಕೊಂಡು ಬಿಸಿಯಾಗಿದ್ದರೆ ಅಥವಾ ನಡುವೆ ಸಿಕ್ಕಿಹಾಕಿಕೊಂಡಂತಾಗುತ್ತಿದ್ದರೆ ಮೂಳೆವೈದ್ಯರಿಗೆ ತೋರಿಸಿ.

ಉಳಿದ ಸ್ನಾಯುಗಳಿಗೆ

ಇವೆಲ್ಲ ಸೇರಿ ಇಪ್ಪತ್ತು, ಇಪ್ಪತ್ತೈದು ನಿಮಿಷದ ಕೆಲಸ. ವಾರಕ್ಕೆ ಎರಡು ಅಥವಾ ಮೂರು ದಿನ, ನಡುವೆ ಒಂದು ದಿನದ ಬಿಡುವಿನೊಂದಿಗೆ ಮಾಡಿದರೆ ಸಾಕು. ಪ್ರತಿದಿನ ಬೇಡ, ಸ್ನಾಯು ಚೇತರಿಸಿಕೊಳ್ಳುವುದು ಬಿಡುವಿನಲ್ಲಿ.

ಅಡುಗೆ ಕಟ್ಟೆಯನ್ನು ಬೆರಳತುದಿಯಲ್ಲಿ ಹಿಡಿದು ಹಿಮ್ಮಡಿಗಳನ್ನು ಎತ್ತಿ ತುದಿಗಾಲಿನಲ್ಲಿ ನಿಂತು ನಿಧಾನವಾಗಿ ಇಳಿಯಿರಿ; ಹಾಲು ಉಕ್ಕುವವರೆಗೆ ಕಾಯುವ ಹೊತ್ತಿಗೆ ಹೇಳಿಮಾಡಿಸಿದ ವ್ಯಾಯಾಮವಿದು. ಮಂಚದ ಮೇಲೆ ಅಂಗಾತ ಮಲಗಿ, ಮಂಡಿ ಮಡಿಸಿ, ಸೊಂಟವನ್ನು ಮೇಲೆತ್ತಿ ಐದು ಎಣಿಸಿ ಇಳಿಸುವುದು ಪೃಷ್ಠದ ಸ್ನಾಯುಗಳಿಗೆ. ಗೋಡೆಯಿಂದ ಒಂದು ಮೊಳಕ್ಕಿಂತ ತುಸು ಹೆಚ್ಚು ದೂರ ನಿಂತು, ಅಂಗೈಗಳನ್ನು ಗೋಡೆಗೊತ್ತಿ ಎದೆಯನ್ನು ಹತ್ತಿರ ತಂದು ಹಿಂದಕ್ಕೆ ತಳ್ಳುವುದು ತೋಳು ಮತ್ತು ಎದೆಗೆ. ಎಳೆಯುವ ಕೆಲಸವನ್ನು ನಾವು ತೀರಾ ಮರೆತಿದ್ದೇವೆ. ಬಾವಿಯಿಂದ ನೀರು ಸೇದುತ್ತಿದ್ದ, ಬೀಸುಕಲ್ಲು ತಿರುಗಿಸುತ್ತಿದ್ದ ತಲೆಮಾರಿಗೆ ಬೆನ್ನಿನ ಮೇಲ್ಭಾಗಕ್ಕೆಂದು ಪ್ರತ್ಯೇಕ ವ್ಯಾಯಾಮ ಬೇಕಿರಲಿಲ್ಲ, ನಮಗೆ ಬೇಕು. ರಬ್ಬರಿನ ವ್ಯಾಯಾಮದ ಪಟ್ಟಿಯೊಂದನ್ನು ಕಿಟಕಿಯ ಗಟ್ಟಿ ಕಂಬಿಗೆ ಸುತ್ತಿ, ಎರಡೂ ತುದಿ ಹಿಡಿದು, ಮೊಣಕೈಗಳನ್ನು ಪಕ್ಕೆಗೆ ತಾಗುವಂತೆ ಹಿಂದಕ್ಕೆಳೆಯಿರಿ. ಕೈಯ ಹಿಡಿತದ ಬಲ ದೇಹದ ಒಟ್ಟಾರೆ ಶಕ್ತಿಯನ್ನು ಚೆನ್ನಾಗಿ ಸೂಚಿಸುತ್ತದೆ. ತರಕಾರಿ ಚೀಲವನ್ನು ಎರಡು ಸಮಭಾಗ ಮಾಡಿ ಎರಡೂ ಕೈಯಲ್ಲಿ ಹಿಡಿದು ಮನೆಗೆ ತರುವುದು ಅದಕ್ಕೆ ಸಾಕಷ್ಟು ಒಳ್ಳೆಯ ಅಭ್ಯಾಸ.

ಬೀಳದಂತೆ ನಿಲ್ಲುವುದು

ಸಮತೋಲನದ ಅಭ್ಯಾಸವನ್ನು ಮಾತ್ರ ಪ್ರತಿದಿನ ಮಾಡಬಹುದು, ಐದು ನಿಮಿಷ ಸಾಕು. ಕೋಣೆಯ ಮೂಲೆಯೊಂದಕ್ಕೆ ಬೆನ್ನು ಕೊಟ್ಟು, ಮುಂದೆ ಕುರ್ಚಿಯ ಬೆನ್ನನ್ನು ಇರಿಸಿಕೊಂಡರೆ ಯಾವ ಕಡೆಗೆ ವಾಲಿದರೂ ಆಸರೆ ಸಿಗುತ್ತದೆ. ಅಳತೆಯಲ್ಲಿ ಎಲ್ಲಿ ತಡವರಿಸಿದಿರೋ ಆ ಭಂಗಿಯಿಂದಲೇ ಆರಂಭಿಸಿ: ಮೊದಲು ಎರಡೂ ಕೈ ಕುರ್ಚಿಯ ಮೇಲೆ, ನಂತರ ಒಂದು ಕೈ, ಆಮೇಲೆ ಒಂದು ಬೆರಳು, ಕಡೆಗೆ ಏನೂ ಇಲ್ಲದೆ. ಒಂಟಿ ಕಾಲಿನಲ್ಲಿ ಹತ್ತು ಸೆಕೆಂಡು ಸಲೀಸಾದ ಮೇಲೆ ತಲೆಯನ್ನು ನಿಧಾನವಾಗಿ ಎಡಕ್ಕೆ, ಬಲಕ್ಕೆ ತಿರುಗಿಸಿ. ಯಾರೋ ಕರೆದಾಗ ತಿರುಗಿ ನೋಡುವ ಕ್ಷಣದಲ್ಲೇ ಬಹಳ ಮಂದಿ ಆಯ ತಪ್ಪುವುದರಿಂದ ಈ ಹಂತ ಮುಖ್ಯ. ನೆಲದ ಟೈಲ್ಸ್‌ನ ಗೆರೆಯ ಮೇಲೆ, ಗೋಡೆ ಕೈಗೆಟಕುವಂತೆ, ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತ ಹತ್ತು ಹೆಜ್ಜೆ ನಡೆಯುವುದೂ ಇದೇ ಸಾಲಿನದು. ಕಣ್ಣು ಮುಚ್ಚಿ ನಿಲ್ಲುವ ಪ್ರಯೋಗವನ್ನು ಮನೆಯಲ್ಲಿ ಒಬ್ಬರೇ ಮಾಡಬೇಡಿ.

ಕಾಲಿನ ಬಲ ಮತ್ತು ಸಮತೋಲನ ಎರಡನ್ನೂ ಮನೆಯಲ್ಲೇ ಕಲಿಸುವ ನ್ಯೂಜಿಲೆಂಡಿನ ಒಟಾಗೊ ಕಾರ್ಯಕ್ರಮವು ವೃದ್ಧರು ಬೀಳುವ ಪ್ರಮಾಣವನ್ನು ಸುಮಾರು ಮೂರನೆಯ ಒಂದು ಭಾಗದಷ್ಟು ತಗ್ಗಿಸಿತು. ಯೋಗ ಮಾಡುವವರು ವೃಕ್ಷಾಸನವನ್ನು ಗೋಡೆಯ ಪಕ್ಕ ಮಾಡಿದರೆ ಇದೇ ಕೆಲಸವಾಗುತ್ತದೆ. ಆಸರೆ ಹಿಡಿಯುವುದು ಅವಮಾನವೆಂದು ಭಾವಿಸುವವರು, ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿ 95ರವರೆಗೆ ಬದುಕಿದ್ದ ಬಿ.ಕೆ.ಎಸ್. ಅಯ್ಯಂಗಾರ್ ಅವರ ಪದ್ಧತಿಯನ್ನು ನೆನೆಯಬೇಕು: ಕುರ್ಚಿ, ಹಗ್ಗ, ಪಟ್ಟಿ, ಮರದ ಇಟ್ಟಿಗೆಗಳನ್ನು ಆಸನಾಭ್ಯಾಸದ ಸಾಧನಗಳಾಗಿ ಜಗತ್ತಿಗೆ ಪರಿಚಯಿಸಿದವರೇ ಅವರು.

ನೆಲಕ್ಕೆ ಕೂರುವ, ನೆಲದಿಂದ ಏಳುವ ಅಭ್ಯಾಸ

ಊಟಕ್ಕೆ, ಪೂಜೆಗೆ, ಹರಟೆಗೆ ನೆಲದ ಮೇಲೆ ಕೂರುತ್ತಿದ್ದ ನಮ್ಮ ಮನೆಗಳಲ್ಲಿ ಡೈನಿಂಗ್ ಟೇಬಲ್, ಸೋಫಾ, ಕಮೋಡುಗಳು ಬಂದ ಮೇಲೆ ನೆಲಕ್ಕೆ ಇಳಿಯುವ ಸಂದರ್ಭವೇ ಉಳಿದಿಲ್ಲ. ಮಂಡಿ ತೀರಾ ಸವೆದವರಿಗೆ ಈ ಬದಲಾವಣೆ ಅಗತ್ಯ. ಆದರೆ ಐವತ್ತೈದರ ಗಟ್ಟಿಗರೂ ‘ವಯಸ್ಸಾಯಿತು’ ಎಂದು ಮುಂಚಿತವಾಗಿಯೇ ನೆಲ ಬಿಡುವುದು ಸರಿಯಲ್ಲ. ನೆಲದಿಂದ ಏಳುವ ಸಾಮರ್ಥ್ಯ ಪಂಕ್ತಿಭೋಜನಕ್ಕಷ್ಟೇ ಬೇಕಾದುದಲ್ಲ. ಒಂಟಿಯಾಗಿರುವವರು ಜಾರಿ ಬಿದ್ದಾಗ ಮೂಳೆ ಮುರಿಯದಿದ್ದರೂ ಏಳಲಾಗದೆ ಗಂಟೆಗಟ್ಟಲೆ ತಣ್ಣನೆಯ ನೆಲದ ಮೇಲೆ ಬಿದ್ದಿರುವುದು ಉಂಟು, ಅದರಿಂದಲೇ ನಿರ್ಜಲೀಕರಣ, ಸ್ನಾಯುಹಾನಿ, ನ್ಯುಮೋನಿಯಾ ಬರಬಹುದು.

ಆದ್ದರಿಂದ ಏಳುವ ಕ್ರಮವನ್ನು ಮನೆಯವರು ಜೊತೆಗಿರುವಾಗ ಚಾಪೆಯ ಮೇಲೆ ಕಲಿತಿರಬೇಕು. ಅಂಗಾತ ಬಿದ್ದಿರುವ ಸ್ಥಿತಿಯಿಂದ ಮೊದಲು ಒಂದು ಮಗ್ಗುಲಿಗೆ ಹೊರಳಿ. ಮೊಣಕೈ ಊರಿ, ನಂತರ ಅಂಗೈ ಊರಿ ಪಕ್ಕಕ್ಕೆ ಎದ್ದು ಕುಳಿತುಕೊಳ್ಳಿ. ಅಲ್ಲಿಂದ ಕೈ ಮತ್ತು ಮಂಡಿಗಳ ಮೇಲೆ ಬಂದು, ಅಂಬೆಗಾಲಿನಲ್ಲಿ ಗಟ್ಟಿಯಾದ ಕುರ್ಚಿಯ ಅಥವಾ ಮಂಚದ ಬಳಿಗೆ ಸಾಗಿ. ಎರಡೂ ಕೈಗಳನ್ನು ಅದರ ಮೇಲಿಟ್ಟು, ಬಲವಿರುವ ಕಾಲಿನ ಪಾದವನ್ನು ಮುಂದಕ್ಕೆ ಊರಿ, ಕೈ ಮತ್ತು ಆ ಕಾಲನ್ನು ಒಟ್ಟಿಗೆ ಒತ್ತಿ ಮೇಲೆದ್ದು ತಿರುಗಿ ಕುಳಿತುಕೊಳ್ಳಿ. ತಕ್ಷಣ ನಡೆಯಬೇಡಿ, ಒಂದೆರಡು ನಿಮಿಷ ಹಾಗೆಯೇ ಕುಳಿತಿರಿ. ಇಳಿಯುವುದನ್ನು ಇದರ ಹಿಮ್ಮುಖ ಕ್ರಮದಲ್ಲಿ, ಒಂದು ಸಲಕ್ಕೆ ಒಂದೇ ಹಂತದಂತೆ ಕಲಿಯಬಹುದು. ಮಂಡಿ ಅಥವಾ ಸೊಂಟದ ಕೀಲು ಬದಲಾಯಿಸಿಕೊಂಡವರು ಇದನ್ನು ತಮ್ಮ ಶಸ್ತ್ರವೈದ್ಯರನ್ನು ಅಥವಾ ಫಿಸಿಯೋಥೆರಪಿಸ್ಟರನ್ನು ಕೇಳಿಯೇ ಮಾಡಬೇಕು. ನಿಜವಾಗಿ ಬಿದ್ದಾಗ ಸೊಂಟ, ತೊಡೆಸಂದಿನಲ್ಲಿ ತೀವ್ರ ನೋವಿದ್ದರೆ ಅಥವಾ ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದಂತೆ ಕಂಡರೆ ಏಳುವ ಪ್ರಯತ್ನ ಬೇಡ. 108ಕ್ಕೆ ಕರೆ ಮಾಡಿ. ಮೊಬೈಲನ್ನು ಟೀಪಾಯಿಯ ಮೇಲೆ ಬಿಡದೆ ಜೇಬಿನಲ್ಲೋ ಸೊಂಟದ ಚೀಲದಲ್ಲೋ ಇಟ್ಟುಕೊಳ್ಳುವುದು ಈ ಕಾರಣಕ್ಕೇ.

ನಡಿಗೆಯ ವೇಗ

ಹಾಡಲು ಉಸಿರು ಸಾಲದೆ, ಮಾತಾಡಲು ಸಾಲುವಷ್ಟು ವೇಗವೇ ಮಧ್ಯಮ ಶ್ರಮ. ಪಾರ್ಕಿನಲ್ಲಿ ರಾಜಕೀಯ ಚರ್ಚಿಸುತ್ತ ತೇಲಿದಂತೆ ಸಾಗುವ ನಡಿಗೆ ಸ್ನೇಹಕ್ಕೆ ಒಳ್ಳೆಯದು, ಆದರೆ ಆ 150 ನಿಮಿಷಗಳ ಲೆಕ್ಕಕ್ಕೆ ಬರುವುದಿಲ್ಲ. ನಡುನಡುವೆ ಒಂದೊಂದು ನಿಮಿಷ ಬಿರುಸಾಗಿ ನಡೆದು ಮತ್ತೆ ಸಾವಕಾಶ ಮಾಡಿಕೊಂಡರೆ ಲೆಕ್ಕವೂ ತುಂಬುತ್ತದೆ, ಗೆಳೆಯರೂ ಉಳಿಯುತ್ತಾರೆ. ಹವಾಯಿ ಚಪ್ಪಲಿ ಬೇಡ. ಹಿಮ್ಮಡಿಯನ್ನು ಹಿಡಿದಿಡುವ ಬೂಟು ಹಾಕಿಕೊಳ್ಳಿ. ಫುಟ್‌ಪಾತಿನ ಕಲ್ಲು ಎದ್ದಿರುವ ಬೀದಿಗಳಲ್ಲಿ ಬೆಳಕು ಹರಿದ ಮೇಲೆ ಹೊರಡುವುದು ಕ್ಷೇಮ.

ತಟ್ಟೆಯಲ್ಲಿ ಏನಿರಬೇಕು

ವ್ಯಾಯಾಮ ಸ್ನಾಯುವಿಗೆ ಬೆಳೆಯಲು ಹೇಳುತ್ತದೆ, ಬೆಳೆಯಲು ಬೇಕಾದ ಸಾಮಗ್ರಿ ಪ್ರೋಟೀನ್. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ವಯಸ್ಕರಿಗೆ ನಿಗದಿಪಡಿಸಿದ ಪ್ರಮಾಣ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ, ವೃದ್ಧರಿಗೆ 1ರಿಂದ 1.2 ಗ್ರಾಂ ಬೇಕೆಂದು 2013ರಲ್ಲಿ ಅಂತರರಾಷ್ಟ್ರೀಯ ತಜ್ಞರ ಗುಂಪೊಂದು ಸಲಹೆ ನೀಡಿತು. ಅಂದರೆ 60 ಕಿಲೋ ತೂಕದವರಿಗೆ 60ರಿಂದ 72 ಗ್ರಾಂ. ಮೂತ್ರಪಿಂಡದ ಕಾಯಿಲೆ ಇರುವವರಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ, ಅವರು ತಮ್ಮ ವೈದ್ಯರು ಹೇಳಿದ ಮಿತಿಯಲ್ಲೇ ಇರಬೇಕು.

ಈಗ ಹಿರಿಯರ ಸಾಮಾನ್ಯ ಊಟವನ್ನು ನೋಡಿ. ಬೆಳಿಗ್ಗೆ ಕಾಫಿ, ಉಪ್ಪಿಟ್ಟು. ಮಧ್ಯಾಹ್ನ ಅನ್ನ, ಸಾರು, ನೀರು ಮಜ್ಜಿಗೆ. ರಾತ್ರಿ ‘ಹಗುರವಾಗಿ’ ಎಂದು ಎರಡು ಬ್ರೆಡ್ಡು ಅಥವಾ ಒಂದು ಬಾಳೆಹಣ್ಣು. ಬೇಳೆ ಇದೆ ಎಂದುಕೊಳ್ಳುತ್ತೇವೆ, ಆದರೆ ಸಾರಿನ ಪಾತ್ರೆಗೆ ಸೌಟು ಹಾಕುವಾಗ ಮೇಲಿನ ತಿಳಿಯಷ್ಟೇ ತಟ್ಟೆಗೆ ಬರುತ್ತದೆ. ಬೇಳೆ ತಳದಲ್ಲಿ ಉಳಿದು ಮರುದಿನ ಮತ್ತೆ ಕುದಿಯುತ್ತದೆ. ಮೊದಲ ಬದಲಾವಣೆ ಹೊಸ ಪದಾರ್ಥ ತರುವುದಲ್ಲ, ಸೌಟನ್ನು ತಳಕ್ಕೆ ಹಾಕುವುದು. ಮೂವತ್ತು ಗ್ರಾಂ ತೊಗರಿಬೇಳೆ, ಹೆಸರುಬೇಳೆ ಅಥವಾ ಹುರುಳಿಕಾಳಿನಲ್ಲಿ 6ರಿಂದ 7 ಗ್ರಾಂ, ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, 200 ಮಿಲಿಲೀಟರ್ ಹಾಲಿನಲ್ಲಿ 6 ಗ್ರಾಂಗೆ ತುಸು ಮೇಲೆ, ಒಂದು ಹಿಡಿ ಶೇಂಗಾದಲ್ಲಿ 7 ಗ್ರಾಂ ಆಸುಪಾಸು, ನೂರು ಗ್ರಾಂ ಬಂಗುಡೆಯಲ್ಲಿ ಸುಮಾರು 20 ಗ್ರಾಂ ಪ್ರೋಟೀನ್ ಇರುತ್ತದೆ. ರಾಗಿಯಲ್ಲಿ ಪ್ರೋಟೀನ್ ನೂರು ಗ್ರಾಂಗೆ 7 ಗ್ರಾಂ ಮಾತ್ರ. ಅದರ ದೊಡ್ಡಸ್ತಿಕೆ ಇರುವುದು ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂನಲ್ಲಿ. ಮುದ್ದೆಯೊಂದೇ ಸಾಲದು, ಮುದ್ದೆಯ ಜೊತೆಗೆ ಕಾಳು ತೇಲದೆ ತುಂಬಿರುವ ಹುರುಳಿ ಸಾರು ಬೇಕು. ಉತ್ತರ ಕರ್ನಾಟಕದ ರೊಟ್ಟಿ, ಮೊಳಕೆಕಾಳಿನ ಪಲ್ಯ, ಶೇಂಗಾ ಹಿಂಡಿ, ಕೆನೆಮೊಸರಿನ ಊಟ ಈ ದೃಷ್ಟಿಯಿಂದ ಅನ್ನ-ತಿಳಿಸಾರಿನ ಊಟಕ್ಕಿಂತ ಎಷ್ಟೋ ಮೇಲು.

ಪ್ರೋಟೀನನ್ನು ಮೂರು ಹೊತ್ತಿಗೂ ಹಂಚಿಕೊಳ್ಳುವುದು ಲೇಸು. ಉಪ್ಪಿಟ್ಟಿನ ಜೊತೆ ಒಂದು ಬಟ್ಟಲು ಹೆಸರುಬೇಳೆ ಕೋಸಂಬರಿ ಅಥವಾ ಮೊಟ್ಟೆ, ರಾತ್ರಿ ಬ್ರೆಡ್ಡಿನ ಬದಲು ಗಟ್ಟಿ ತೊವ್ವೆ ಅಥವಾ ಪನ್ನೀರು ಬರಲಿ. ಹಲ್ಲಿಲ್ಲದವರಿಗೆ ಹಾಲಿನಲ್ಲಿ ಕಲಸಿದ ರಾಗಿ ಅಂಬಲಿ, ಮೆತ್ತಗೆ ಬೆಂದ ಹೆಸರುಬೇಳೆ ಹುಗ್ಗಿ ಒಳ್ಳೆಯವು. ಅದಕ್ಕಿಂತ ಒಳ್ಳೆಯದು ದಂತವೈದ್ಯರ ಬಳಿ ಹೋಗಿ ಹಲ್ಲಿನ ಸೆಟ್ ಸರಿಮಾಡಿಸಿಕೊಳ್ಳುವುದು. ಒಪ್ಪೊತ್ತು ಮಾಡುವವರು, ಏಕಾದಶಿ ಹಿಡಿಯುವವರು ಆ ದಿನ ಹಾಲು, ಮೊಸರು, ಶೇಂಗಾವನ್ನಾದರೂ ಬಿಡದಿರಲಿ.

ಎರಡು ವಿಟಮಿನ್‌ಗಳನ್ನು ಪರೀಕ್ಷಿಸಿಕೊಳ್ಳುವುದು ಸೂಕ್ತ. ಸಸ್ಯಾಹಾರಿಗಳಲ್ಲಿ ಮತ್ತು ಮಧುಮೇಹಕ್ಕೆ ಬಹುಕಾಲ ಮೆಟ್‌ಫಾರ್ಮಿನ್ ಮಾತ್ರೆ ಸೇವಿಸುವವರಲ್ಲಿ ಬಿ12 ಕಡಿಮೆಯಾಗಬಹುದು. ಪಾದ ಜೋಮು ಹಿಡಿಯುವುದು, ಕತ್ತಲಲ್ಲಿ ತೂರಾಡುವುದು ಅದರ ಲಕ್ಷಣಗಳಾಗಿರಬಹುದು, ಇದನ್ನು ಎಷ್ಟು ವ್ಯಾಯಾಮ ಮಾಡಿದರೂ ಸರಿಪಡಿಸಲಾಗದು. ಬಿಸಿಲಿನ ನಾಡಿನಲ್ಲಿದ್ದೂ ಮನೆಯೊಳಗೇ ಇರುವವರಲ್ಲಿ ವಿಟಮಿನ್ ಡಿ ಕೊರತೆ ಸಾಮಾನ್ಯ. ಎರಡಕ್ಕೂ ಔಷಧಿ ಅಂಗಡಿಯವರ ಮಾತಿನ ಮೇಲೆ ಮಾತ್ರೆ ನುಂಗಬೇಡಿ. ಡಿ ಅತಿಯಾದರೂ ಅಪಾಯವೇ.

ಬಚ್ಚಲು, ಹೊಸ್ತಿಲು, ಮಾತ್ರೆ

ಬಚ್ಚಲಿನಲ್ಲಿ ಗೋಡೆಗೆ ಬೋಲ್ಟು ಹಾಕಿದ ಹಿಡಿಕೆ ಇರಲಿ. ಟವೆಲು ಹಾಕುವ ಕಂಬಿ ಮನುಷ್ಯನ ಭಾರ ತಡೆಯುವುದಿಲ್ಲ. ಮಂಚದಿಂದ ಶೌಚಾಲಯದವರೆಗೆ ರಾತ್ರಿಯಿಡೀ ಸಣ್ಣ ದೀಪ ಉರಿಯಲಿ. ಹಳೆಯ ಮನೆಯ ಎತ್ತರದ ಹೊಸ್ತಿಲಿಗೆ ಎದ್ದುಕಾಣುವ ಬಣ್ಣದ ಪಟ್ಟಿ ಬಳಿಯಿರಿ, ಮಡಚಿಕೊಳ್ಳುವ ಕಾಲೊರಸನ್ನು ತೆಗೆದುಹಾಕಿ. ಕಣ್ಣಿನ ಪೊರೆ ಬಲಿತಿದ್ದರೆ ಶಸ್ತ್ರಚಿಕಿತ್ಸೆಯನ್ನು ಮುಂದೂಡಬೇಡಿ. ರಕ್ತದೊತ್ತಡ, ಪ್ರಾಸ್ಟೇಟ್ ಮತ್ತು ನಿದ್ದೆಯ ಮಾತ್ರೆಗಳು ಎದ್ದು ನಿಂತಾಗ ತಲೆಸುತ್ತು ತರಬಲ್ಲವು. ರಾತ್ರಿ ಏಳುವಾಗ ಮಂಚದ ಅಂಚಿನಲ್ಲಿ ಒಂದು ನಿಮಿಷ ಕುಳಿತು, ಪಾದಗಳನ್ನು ಮೇಲೆ ಕೆಳಗೆ ಆಡಿಸಿ, ಆಮೇಲೆ ನಿಲ್ಲಿ. ತೆಗೆದುಕೊಳ್ಳುವ ಎಲ್ಲ ಮಾತ್ರೆಗಳನ್ನು ಒಂದೇ ಚೀಲದಲ್ಲಿ ಹಾಕಿಕೊಂಡು ವರ್ಷಕ್ಕೊಮ್ಮೆ ಒಬ್ಬರೇ ವೈದ್ಯರಿಗೆ ತೋರಿಸಿ, ಯಾವುದು ಇನ್ನು ಬೇಡವೆಂದು ಕೇಳಿ.

ಕಾಯಿಲೆ ಬಿದ್ದು ಎದ್ದ ಮೇಲೆ

ಹಿರಿಯರ ಬಲ ವರ್ಷ ವರ್ಷ ಸಮನಾಗಿ ಇಳಿಯುವುದಕ್ಕಿಂತ ಒಂದೊಂದು ಕಾಯಿಲೆಗೆ ಒಂದೊಂದು ಮೆಟ್ಟಿಲಿನಂತೆ ಕುಸಿಯುವುದೇ ಹೆಚ್ಚು. ಆರೋಗ್ಯವಂತ ಹಿರಿಯರನ್ನು ಹತ್ತು ದಿನ ಹಾಸಿಗೆಯಲ್ಲೇ ಮಲಗಿಸಿ ನೋಡಿದ 2007ರ ಅಧ್ಯಯನವೊಂದರಲ್ಲಿ ಅವರ ಕಾಲುಗಳಿಂದಲೇ ಸರಾಸರಿ ಒಂದು ಕಿಲೋದಷ್ಟು ಕೊಬ್ಬಿಲ್ಲದ ಅಂಗಾಂಶ ಕರಗಿತ್ತು. ಡೆಂಗಿ, ಚಿಕೂನ್‌ಗುನ್ಯಾ, ನ್ಯುಮೋನಿಯಾದಿಂದ ಗುಣವಾಗಿ ಮನೆಗೆ ಬಂದವರು ‘ಜ್ವರ ಬಿಟ್ಟಿತು, ಆದರೆ ಕಾಲೇ ಇಲ್ಲದಂತಾಗಿದೆ’ ಎನ್ನುವುದು ಇದನ್ನೇ. ವೈದ್ಯರ ಅಡ್ಡಿ ಇಲ್ಲದಿದ್ದರೆ ಆಸ್ಪತ್ರೆಯಲ್ಲಿದ್ದಾಗಲೇ ಊಟವನ್ನು ಹಾಸಿಗೆಯಲ್ಲಿ ಮಾಡದೆ ಕುರ್ಚಿಗೆ ಬಂದು ಮಾಡಿ, ಶೌಚಾಲಯಕ್ಕೆ ಆಸರೆ ಹಿಡಿದು ನಡೆಯಿರಿ. ಮನೆಗೆ ಮರಳಿದ ಮೇಲೆ ಕುರ್ಚಿಯ ವ್ಯಾಯಾಮವನ್ನು ಹಿಂದಿನ ಅರ್ಧ ಎಣಿಕೆಯಿಂದ ಪುನಃ ಆರಂಭಿಸಿ, ತೊವ್ವೆ, ಮೊಟ್ಟೆ, ಹಾಲನ್ನು ಮೊದಲಿಗಿಂತ ಹೆಚ್ಚಿಸಿ. ಬರಿಯ ಗಂಜಿಯ ಪಥ್ಯವನ್ನು ಮೂರು ನಾಲ್ಕು ವಾರ ಎಳೆಯಬೇಡಿ.

ಇಲ್ಲಿ ಮಕ್ಕಳಿಗೂ ಒಂದು ಮಾತು ಹೇಳಬೇಕು. ‘ನೀವು ಕೂತಿರಿ ಅಮ್ಮ, ನೀರು ನಾನು ತರುತ್ತೇನೆ’ ಎಂಬ ಪ್ರೀತಿ ದಿನಕ್ಕೆ ಇಪ್ಪತ್ತು ಸಲ ಎದ್ದು ಕೂರುತ್ತಿದ್ದವರನ್ನು ಐದು ಸಲಕ್ಕೆ ಇಳಿಸುತ್ತದೆ. ಸೊಪ್ಪು ಬಿಡಿಸುವುದು, ಬಟ್ಟೆ ಒಣಹಾಕುವುದು, ಗಿಡಗಳಿಗೆ ನೀರು ಹಾಕುವುದು ಅವರ ಪಾಲಿಗೇ ಇರಲಿ. ನ್ಯೂಜೆರ್ಸಿಗೋ ಲಂಡನ್ನಿಗೋ ಮಕ್ಕಳ ಮನೆಗೆ ಆರು ತಿಂಗಳು ಹೋಗುವ ತಂದೆತಾಯಿಗಳು ಚಳಿಗೆ ಹೊರಗೆ ಕಾಲಿಡಲಾಗದೆ ಟಿವಿಯ ಮುಂದೆ ಕುಳಿತು ಬಲ ಕಳೆದುಕೊಂಡು ಬರುವುದೂ ಸಾಮಾನ್ಯ. ಅಲ್ಲಿಯೂ ಕುರ್ಚಿ, ಗೋಡೆ, ಮನೆಯೊಳಗಿನ ಮೆಟ್ಟಿಲು ಇರುತ್ತವೆ. ಮೆಟ್ಟಿಲಿನ ಕಂಬಿಯನ್ನು ಹಿಡಿದು ದಿನಕ್ಕೆ ನಾಲ್ಕೈದು ಬಾರಿ ಹತ್ತಿಳಿದರೆ ಪಾರ್ಕಿನ ಕೊರತೆ ಬಹುಪಾಲು ತುಂಬುತ್ತದೆ.

ಒಬ್ಬರೇ ಮಾಡುವ ವ್ಯಾಯಾಮ ತಿಂಗಳೊಳಗೆ ನಿಲ್ಲುವುದೇ ಹೆಚ್ಚು. ಅಪಾರ್ಟ್‌ಮೆಂಟಿನ ನಾಲ್ಕು ಮಂದಿ, ಭಜನಾ ಮಂಡಳಿಯ ಸದಸ್ಯರು, ನಿವೃತ್ತ ಸಹೋದ್ಯೋಗಿಗಳು ವಾರಕ್ಕೆರಡು ದಿನ ಒಂದು ಹೊತ್ತು ಗೊತ್ತುಮಾಡಿಕೊಂಡು ಕುರ್ಚಿ ಹಾಕಿಕೊಂಡರೆ ಅಭ್ಯಾಸ ಉಳಿಯುತ್ತದೆ, ಒಂಟಿತನವೂ ಕಡಿಮೆಯಾಗುತ್ತದೆ. ಎರಡು ವಾರ ದಾಟಿದರೂ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಊಟ ಸೇರದಿರುವುದು ವಯಸ್ಸಿನ ಸಹಜ ಲಕ್ಷಣವಲ್ಲ, ಚಿಕಿತ್ಸೆ ಇರುವ ಖಿನ್ನತೆಯಾಗಿರಬಹುದು. ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ 14567ಕ್ಕೆ ಕರೆ ಮಾಡಿದರೂ ಮಾರ್ಗದರ್ಶನ ದೊರೆಯುತ್ತದೆ.

ಹನ್ನೆರಡು ವಾರಗಳ ನಂತರ

ಮೊದಲ ಎರಡು ಮೂರು ವಾರ ತೊಡೆ ತುಸು ನೋಯುತ್ತದೆ, ಬದಲಾವಣೆ ಹೆಚ್ಚು ಕಾಣುವುದಿಲ್ಲ. ಹನ್ನೆರಡು ವಾರವಾದಾಗ ಅದೇ ಕುರ್ಚಿಯಲ್ಲಿ, ಅದೇ ಹೊತ್ತಿನಲ್ಲಿ ಎರಡೂ ಅಳತೆಗಳನ್ನು ಮತ್ತೆ ಮಾಡಿ ಕ್ಯಾಲೆಂಡರಿನಲ್ಲಿ ಬರೆಯಿರಿ. ಎಣಿಕೆ ಎರಡು ಮೂರು ಹೆಚ್ಚಿದ್ದರೆ ಹೊರೆಯನ್ನು ಅರ್ಧ ಕಿಲೋ ಏರಿಸಿ ಮುಂದುವರಿಸಿ. ಏನೂ ಹೆಚ್ಚಿಲ್ಲದಿದ್ದರೆ ಹೊರೆ ಹಗುರವಾಗಿದೆಯೇ, ತಟ್ಟೆಯಲ್ಲಿ ಪ್ರೋಟೀನ್ ಸಾಲುತ್ತಿಲ್ಲವೇ ಎಂದು ಮೊದಲು ನೋಡಿ. ಸರಿಯಾಗಿ ಮಾಡಿಯೂ ಎಣಿಕೆ ಇಳಿದಿದ್ದರೆ, ಜೊತೆಗೆ ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ ಅಥವಾ ಸುಸ್ತು ಹೆಚ್ಚಿದ್ದರೆ, ವ್ಯಾಯಾಮ ಹೆಚ್ಚಿಸಲು ಹೋಗದೆ ವೈದ್ಯರನ್ನು ಕಾಣಿ. ರಕ್ತಹೀನತೆ, ಥೈರಾಯ್ಡ್, ಹತೋಟಿ ತಪ್ಪಿದ ಸಕ್ಕರೆ, ಹೃದಯದ ದೌರ್ಬಲ್ಯ ಇವುಗಳಲ್ಲಿ ಯಾವುದಾದರೂ ಹಿಂದೆ ಇರಬಹುದು. ಹೋಗುವಾಗ ದಿನಾಂಕ ಮತ್ತು ಎಣಿಕೆ ಬರೆದ ಆ ಹಾಳೆಗಳನ್ನು ಜೊತೆಗೆ ಒಯ್ಯಿರಿ, ಯಾವಾಗಿನಿಂದ ಇಳಿಯತೊಡಗಿತು ಎಂಬುದು ವೈದ್ಯರ ಮೊದಲ ಪ್ರಶ್ನೆಯಾಗಿರುತ್ತದೆ.